ಡಬ್ಬಿಯೊಳಗೆ ಕುಳಿತ ಮಾವ

ನನ್ನ ಸೋದರಮಾವ ಸ್ವರ್ಗಕ್ಕೆ ಹೋಗುವುದಿದ್ದರೂ ಮೊದಲೊಂದು ಸಲ ಹೋಗಿ ನೋಡಿಕೊಂಡು ಬಂದು, ಆಮೇಲೆಯೇ ಸಾಯುವ ಆಸಾಮಿ! ದೇವದುರ್ಗಕ್ಕೆ ಹೆಣ್ಣು ನೋಡಲು ಹೋಗುವ ಹಿಂದಿನ ದಿನವೇ ಒಬ್ಬನೇ ಬಸ್ಸು ಹತ್ತಿ, ಆ ಮನೆಯ ಬಾಗಿಲತನಕ ಹೋಗಿ ಬಂದಿದ್ದ. ಮರುದಿನ ಎಲ್ಲರೂ ಹೋದಾಗ ಅವರ ನಾಯಿ ಇವನೊಬ್ಬನಿಗೇ ಬಾಲ ಅಲ್ಲಾಡಿಸಿತಂತೆ!

ಇಂಥವನಿಗೆ ಮಾನ್ವಿಯಲ್ಲಿ ಅಕ್ಕಿ ಗಿರಣಿ. ರಾಯಚೂರಿನಲ್ಲಿ ಆಗಷ್ಟೇ ಸ್ವಂತ ಸಾಫ್ಟ್‌ವೇರ್ ಕೆಲಸ ಶುರು ಮಾಡಿದ್ದ ನನಗೆ ಇವನೇ ಮೊದಲ ಗಿರಾಕಿ. ಭತ್ತ ತಂದ ಟ್ರ್ಯಾಕ್ಟರುಗಳಿಗೆ ಪಾಳಿ ಚೀಟಿ ಕೊಡುವ ಸಾಫ್ಟ್‌ವೇರ್ ಬೇಕಂತೆ. ನೆಟ್ಟಗಾದರೆ ಸುತ್ತಲಿನ ಗಿರಣಿಗಳೆಲ್ಲ ನನ್ನವು. ಕೆಟ್ಟರೆ ಅಂಗಡಿ ಬಂದ್.

"ಮೊದಲು ಮಾದರಿ ತೋರಸವಾ."

"ಕಂಪ್ಯೂಟರ್‌ನಾಗ ತೋರಸ್ತೀನಿ ಮಾವ."

"ಅದ್ಯಾಕ? ನಾನ ಕಂಪ್ಯೂಟರ್ ಆಗ್ತೀನಿ!"

ಫ್ರಿಜ್ಜಿನ ರಟ್ಟಿನ ಡಬ್ಬಿಗೆ ಕಿಂಡಿ ಕೊರೆದು ಒಳಗೆ ಕುಳಿತೇಬಿಟ್ಟ! ಹಮಾಲರೇ ರೈತರಾದರು. ಹೊರಗೆ ಹೆಸರು ಕೂಗಿದರೆ, ಕಿಂಡಿಯಿಂದ ಚೀಟಿ ಹಿಡಿದ ಕೈ ಬರುತ್ತಿತ್ತು. ಹತ್ತು ನಿಮಿಷಕ್ಕೆ ಒಳಗಿನಿಂದ ಕೂಗು: "ಯಂತ್ರ ಕಾದದ, ಗಾಳಿ ಹಾಕ್ರಲೇ!" ಒಬ್ಬ ಮೊರ ತಂದು ಬೀಸಿದ. ನಾನು ತಲೆ ಚಚ್ಚಿಕೊಂಡೆ.

ಸಾಲದ್ದಕ್ಕೆ ಒಂದು ನೋಟ್‌ಬುಕ್ಕು. ಎಡಕ್ಕೆ 'ಕೆಟ್ಟರ?', ಬಲಕ್ಕೆ 'ಏನ್ ಮಾಡೋದು?'

"ಕರೆಂಟ್ ಹೋದ್ರ?"

"ಇನ್ವರ್ಟರ್ ಅದ."

"ಇಲಿ ವೈರ್ ಕಡದ್ರ?"

"ಮಾವಾ!"

"ಒಂದ ಊರಿಂದ ನಾಕು ಮಂದಿ ಹನುಮಂತ ಬಂದ್ರ?"

"ಬಂದಾಗ ನೋಡೂಣು. ನನ್ನ ತಲಿ ತಿನಬ್ಯಾಡ!"

ಮಾವ ಪೆನ್ನು ಕಚ್ಚಿ ಯೋಚಿಸಿ, ಏನೋ ಬರೆದುಕೊಂಡ.

ಬಂದರಲ್ಲ! ಶುರುವಾದ ದಿನವೇ ಕುರ್ಡಿಯಿಂದ ನಾಲ್ವರು ಹನುಮಂತರು! ನನ್ನ ಸಾಫ್ಟ್‌ವೇರ್ ಮೊದಲನೆಯವನಿಗೆ ಚೀಟಿ ಕೊಟ್ಟು, ಉಳಿದ ಮೂವರಿಗೆ 'ನಿಮಗೆ ಆಗಲೇ ಕೊಡಲಾಗಿದೆ' ಎಂದು ಹಟ ಹಿಡಿಯಿತು. ಹಿಂದೆ ಟ್ರ್ಯಾಕ್ಟರುಗಳ ಹಾರ್ನು. ಪಕ್ಕದ ಗಿರಣಿಯವರೂ ಬಂದು ನಿಂತರು.

"ಯಾರ್ರೀ ಇದನ್ನ ಮಾಡಿದಾಕಿ?" ಎಂದು ಒಬ್ಬ ಹನುಮಂತ ಗುಡುಗಿದ. ನಾನು ಕಂಪ್ಯೂಟರಿನ ಹಿಂದೆ ಸರಿದೆ.

ಮಾವ ಮುಂದೆ ಬಂದ. "ಆಕಿ ಮೊದಲ ಕೇಳಿದ್ಲ್ರೀ, ಒಂದ ಹೆಸರಿನವರು ಬರ್ತಾರೇನಂತ. ಬರಂಗಿಲ್ಲ ಅಂದಾಂವ ನಾನು. ತಪ್ಪು ನಂದು."

ಎಂದೂ ಸುಳ್ಳಾಡದ ಮನುಷ್ಯ ಒಂದಕ್ಷರ ತಡವರಿಸಲಿಲ್ಲ! ಜನ ಅವನನ್ನು ನೋಡಿ ನಕ್ಕು ತಣ್ಣಗಾದರು. ಮಾವ ಮತ್ತೆ ಡಬ್ಬಿ ಹೊಕ್ಕು ಚೀಟಿ ಕೊಡತೊಡಗಿದ.

ಮೇಜಿನ ಮೇಲಿದ್ದ ನೋಟ್‌ಬುಕ್ಕು ತೆರೆದೆ. ಹನುಮಂತರ ಸಾಲಿನ ಕೆಳಗೇ ಇತ್ತು: 'ಮಂದಿ ಹುಡುಗಿಗೆ ಬೈದ್ರ?' ಬಲಕ್ಕೆ: 'ತಪ್ಪು ನಂದು ಅನ್ನೋದು.'

ಚಹಾ ತಂದ ಅತ್ತೆ ಇಣುಕಿ ನೋಡಿ ನಕ್ಕಳು. "ಅದನ್ನ ಮೂರು ದಿನದಿಂದ ಕನ್ನಡಿ ಮುಂದ ನಿಂತು ಅಂದು ಅಂದು ನೋಡ್ಯಾರವಾ."

ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಮೊರ ಎತ್ತಿಕೊಂಡು ಡಬ್ಬಿಯ ಹತ್ತಿರ ಹೋಗಿ ಬೀಸತೊಡಗಿದೆ.