ಡೇರೆಯ ಚೀಲ

ನನ್ನ ಹೆಂಡತಿ ದ್ರಾಕ್ಷಾಯಣಿ ನಾಲ್ಕು ಜನರೆದುರು ಬಾಯಿ ಬಿಡಲಾರದ ಹೆಣ್ಣುಮಗಳು ಎಂದು ನಾನು ಇಪ್ಪತ್ತೆರಡು ವರ್ಷ ತಪ್ಪು ತಿಳಿದಿದ್ದೆ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗ ಅವಳದು, ಮಾತು ನನ್ನದು. ಅವಳು ನೇಯ್ದ ಸೀರೆಗಳನ್ನು ಅಂಗಡಿಗೆ ಒಯ್ದು ಗುಣಗಾನ ಮಾಡುವುದು ನನ್ನ ಖಾತೆ. (ಗುಣಗಾನ ಮುಗಿಯುವುದರೊಳಗೆ ಅಂಗಡಿಕಾರರು ಊಟಕ್ಕೆ ಎದ್ದಿರುತ್ತಾರೆ.)

ಈ ಸಲ ಅವಳು ಸ್ವಂತ ಬುದ್ಧಿಯಿಂದ ಸಾಸಿವೆ ಬಣ್ಣದ ಒಡಲಿಗೆ ಬದನೆಕಾಯಿ ಬಣ್ಣದ ದಡಿ ಹಾಕಿ ಎಂಟು ಸೀರೆ ನೇಯ್ದಳು. ಅಂಗಡಿಯ ಹೂವಪ್ಪನವರು "ಈ ಬಣ್ಣ ಯಾರ ಉಡತಾರ್ರಿ?" ಎಂದು ತಿರುಗಿಸಿ ಕಳಿಸಿದರು. ಎಂಟೂ ಸೀರೆ ನೂಲು ಬರುವ ನೀಲಿ ಚೀಲದಲ್ಲಿ ಮೂಲೆ ಸೇರಿದವು. ಮಗ್ಗದ ಮೇಲೆ ಅದೇ ಬಣ್ಣದ ಹಾಸು, ಇನ್ನೂ ಐದು ಸೀರೆಗಾಗುವಷ್ಟು ಎಳೆ, ಬಾಕಿ ಇತ್ತು. ಸೋಮವಾರ ಅದನ್ನು ಕತ್ತರಿಸಿ ತೆಗೆಯತಕ್ಕದ್ದು ಎಂದು ಯಜಮಾನನ ಗತ್ತಿನಲ್ಲಿ ತೀರ್ಪು ಕೊಟ್ಟೆ. ಅವಳು ಮಾತಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ.

ಆ ಮೌನ ಮುರಿಯಲು ಶನಿವಾರ ಮಧ್ಯಾಹ್ನ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಗೆಳೆಯ ಇನಾಯತನಿಂದ ಡೇರೆ ತಂದು, ಅಂಥದೇ ಇನ್ನೊಂದು ನೀಲಿ ಚೀಲಕ್ಕೆ ತುಂಬಿದೆ.

"ನಡಿ, ಗುಡ್ಡದ ಕೆಳಗಿನ ಪಾರ್ಕಿನಾಗ ಡೇರಿ ಹೊಡದು ಒಂದ ರಾತ್ರಿ ಇದ್ದ ಬರೂಣು. ನಿಸರ್ಗ, ಏಕಾಂತ!"

ಎರಡು ದಿನದಲ್ಲಿ ಮೊದಲ ಸಲ ಬಾಯಿ ತೆರೆದಳು. "ಚೀಲ ನಾ ಇಡತೀನಿ. ನೀವು ಗಾಡಿ ತಗೀರಿ."

ಪಾರ್ಕಿನಲ್ಲಿ ಏಕಾಂತಕ್ಕೆ ಜಾಗವಿರಲಿಲ್ಲ. ಬೇಸಿಗೆಯಲ್ಲಿ ಅಲ್ಲಿ ರಾತ್ರಿಯೂ ಗೇಟು ಹಾಕುವುದಿಲ್ಲ. ಸೆಕೆಗೆ ಬೇಸತ್ತ ಅರ್ಧ ಊರು ಚಾಪೆ, ಬುತ್ತಿ, ಅಜ್ಜಿಯರ ಸಮೇತ ಬಂದಿತ್ತು. ಹುಲ್ಲು ಕಾಣಬೇಕಾದರೆ ಯಾರನ್ನಾದರೂ ಎಬ್ಬಿಸಬೇಕಿತ್ತು. ಎರಡು ಚಾಪೆಗಳ ನಡುವೆ ನಿಂತು ಡೇರೆ ಕಟ್ಟುವ ಶಾಸ್ತ್ರದ ಮೇಲೆ ಉಪನ್ಯಾಸ ಕೊಟ್ಟೆ. ಜನ ಸೇರಿದರು. ಚೀಲದ ಬಾಯಿ ಬಿಚ್ಚಿ, ಜಾದೂಗಾರನಂತೆ ಎಳೆದೆ.

ಸಾಸಿವೆ ಬಣ್ಣದ ಸೀರೆ ಬಂತು. ಅದರ ಹಿಂದೆ ಇನ್ನೊಂದು.

ಪಕ್ಕದ ಚಾಪೆಯ ನಿಲೋಫರ ಎಂಬ ಹೆಣ್ಣುಮಗಳು ಕೇಳಿದಳು. "ಡೇರಿ ಭಾಳ ಛಂದ ಐತ್ರಿ ಕಾಕಾ. ಸೆರಗ ಯಾವ ದಿಕ್ಕಿಗೆ ಬರತೈತಿ?"

ಸುತ್ತಲೂ ಉಪ್ಪಿನಕಾಯಿ ತಿಂದ ಕೈಗಳು. ಒಂದು ಕಲೆ ಬಿದ್ದರೂ ಮುಗಿಯಿತು. ಗಡಬಡಿಸಿ ಸೀರೆಗಳನ್ನು ಮತ್ತೆ ತುಂಬತೊಡಗಿದೆ. ದ್ರಾಕ್ಷಾಯಣಿ ನನ್ನ ಕೈಯಿಂದ ಒಂದನ್ನು ಕಸಿದು, ಹೆಗಲ ಮೇಲೆ ಹಾಕಿಕೊಂಡು ದೀಪದ ಕಂಬದ ಕೆಳಗೆ ನಿಂತಳು.

"ಬರ್ರೆವಾ, ನೋಡ್ರಿ. ಮುಟ್ಟೋರು ಮೊದಲ ಕೈ ತೊಳಕೊಂಡ ಬರ್ರಿ."

ನಲ್ಲಿಯ ಮುಂದೆ ಸಾಲು ನಿಂತಿತು.

"ಬಣ್ಣ ಹೋಗತೈತೇನ್ರಿ ಅಕ್ಕಾರ?"

"ನಾನ ನೇಯ್ದೀನಿ. ಹೋದ್ರ ಮನಿಗೆ ಬಂದ ಬೈಯ್ರಿ."

ಗುಣಗಾನಕ್ಕೆಂದು ನಾನೂ ಗಂಟಲು ಸರಿಮಾಡಿಕೊಂಡೆ. "ನೀವು ಚೀಲ ಹಿಡಕೊಂಡ ಕುಂದರ್ರಿ" ಎಂದಳು. ಕುಳಿತೆ.

ಮಲಗುವ ಹೊತ್ತಿಗೆ ಎಂಟೂ ಸೀರೆ ಮಾರಿಹೋಗಿದ್ದವು. ಇನ್ನೂ ಐವರು ತಮಗೂ ಅಂಥದೇ ಬೇಕೆಂದು ಹೇಳಿಹೋದರು. ಮಗ್ಗದ ಮೇಲಿನ ಹಾಸು ಕತ್ತರಿಯಿಂದ ಪಾರಾಯಿತು. ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. (ಡೇರೆ ಕಟ್ಟಲು ನನಗೆ ಬರುವುದಿಲ್ಲವೆಂಬ ಗುಟ್ಟೂ ಗುಟ್ಟಾಗಿಯೇ ಉಳಿಯಿತಲ್ಲ!) ನಿಲೋಫರ ಕೊಟ್ಟ ಚಾದರ ಹಾಸಿ, ಖಾಲಿ ಚೀಲ ತಲೆಗಿಟ್ಟು, ಅರ್ಧ ಊರಿನ ನಡುವೆ ಗಡದ್ದಾಗಿ ನಿದ್ದೆ ಮಾಡಿದೆ.

ಬೆಳಗ್ಗೆ ಎದ್ದವನೇ ಪತ್ತೇದಾರನಂತೆ ಕೇಳಿದೆ. "ಅಲ್ಲಾ, ಎರಡೂ ಚೀಲ ಒಂದ ನಮೂನಿ ಖರೇ. ಆದ್ರ ಸೀರಿ ಚೀಲ ತಾನಽ ನಡಕೊಂತ ಬಂದು ಗಾಡಿ ಮ್ಯಾಲ ಕುಂತಿತೇನು?"

ದ್ರಾಕ್ಷಾಯಣಿ ಚಾದರ ಮಡಿಸುತ್ತ ಹೇಳಿದಳು. "ನಾನಽ ಇಟ್ಟೀನಿ. ಡೇರಿ ಕಟ್ಟಾಕ ನಿಮಗೆಲ್ಲಿ ಬರತೈತಿ?"