ಬರ್ತೀನಿ ಅಂತ ಹೋದವರ ಬಟ್ಟೆ

ನಾದಿನಿಯ ಮಗಳ ಮದುವೆಗೆ ಬರುವ ಹೆಂಗಸರಿಗೆ ಏನು ಉಡುಗೊರೆ ಕೊಡುವುದೆಂಬ ಚರ್ಚೆ ನಮ್ಮ ಮನೆಯ ಊಟದ ಮೇಜಿನ ಸುತ್ತ ನಡೆದಿತ್ತು. ನಾದಿನಿ ಸ್ಟೀಲ್ ಡಬ್ಬಿ ಅಂದಳು. ಅವಳ ಗಂಡ ಪ್ಲಾಸ್ಟಿಕ್ ಡಬ್ಬಿ ಅಂದರು. ಡಬ್ಬಿಯಿಂದ ಆಚೆಗೆ ಯೋಚಿಸಲಾರದ ಈ ಕುಟುಂಬದ ಮಾನ ಕಾಪಾಡಲು ಕೊನೆಗೆ ನಾನೇ ಎದ್ದು ನಿಂತೆ.

"ಎಲ್ಲರಿಗೂ ನಾನು ಪರ್ಸ್ ಹೊಲಿದು ಕೊಡ್ತೀನಿ. ಹಳೇ ಬಟ್ಟೆಯಿಂದ, ಕೈಯಾರೆ. ಒಂದರ ಹಾಗೆ ಇನ್ನೊಂದು ಇರಲ್ಲ."

"ಅದಂತೂ ಖಂಡಿತ," ಅಂದರು ನಮ್ಮವರು. "ಒಂದೇ ಪರ್ಸಿನ ಎಡಗಡೆ ಇದ್ದ ಹಾಗೆ ಬಲಗಡೆ ಇರಲ್ಲ."

"ನೋಡ್ತಾ ಇರಿ. ನನ್ನ ಪರ್ಸು ಕಂಡು ಊರೇ ಬಾಯಿ ಬಿಡಬೇಕು."

"ಪರ್ಸಿಗೆ ಮೊದಲು ಬೇಕಾದದ್ದು ಬಟ್ಟೆ ಅಲ್ಲ ಕಣೇ, ಪುರುಸೊತ್ತು."

ಅತ್ತೆ ಕತ್ತು ನೀವಿಕೊಂಡರು. ನಾನು ಹೊಲಿದುಕೊಟ್ಟ ದಿಂಬಿನ ಚೀಲದೊಳಗೆ ದಿಂಬು ಹೋಗದೆ, ಚೀಲವನ್ನೇ ಮಡಚಿ ತಲೆಗಿಟ್ಟುಕೊಂಡು ಮಲಗುವವರು ಅವರು. ಅಷ್ಟೇ ಸಾಕಾಗಿತ್ತು.

ಬಟ್ಟೆ ಸಿಕ್ಕಿದ್ದು ನಮ್ಮ ಬೀದಿಯ ಟೈಲರ್ ಹತ್ತಿರ. ಅವರನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ಕಣ್ಣು ಮಂಜಾಗಿ, ಅಂಗಡಿ ಮುಚ್ಚಿ ಬೇರೆ ಊರಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಅಂಗಡಿಯ ಹಿಂಗೋಡೆಯ ಕಬ್ಬಿಣದ ಸರಳಿನಲ್ಲಿ ಒಂದಷ್ಟು ಉಡುಪುಗಳು ನೇತಾಡುತ್ತಿದ್ದವು. ಹೊಲಿದು, ಇಸ್ತ್ರಿ ಮಾಡಿ, ಗುಂಡಿ ಹಾಕಿಟ್ಟವು. ಭುಜದ ಮೇಲೆ ಬೆರಳಿನಷ್ಟು ಧೂಳು. ಗಾಳಿಯೇ ಇಲ್ಲದ ಆ ಅಂಗಡಿಯಲ್ಲಿ ಅವು ಸಣ್ಣಗೆ ತೂಗುತ್ತಿದ್ದವು, ಸಾಲಿನಲ್ಲಿ ನಿಂತು ನಿಂತು ಕಾಲು ನೋವಾದ ಜನರ ಹಾಗೆ.

"ಇವೆಲ್ಲ ಬರ್ತೀನಿ ಅಂತ ಹೇಳಿ ಹೋದವರ ಬಟ್ಟೆ," ಅಂದರು ಮಾಸ್ಟರ್. "ಯಾರೂ ಬರಲಿಲ್ಲ. ನೀವು ತಗೊಂಡು ಹೋಗಮ್ಮ. ಆದರೆ ಒಂದು ಮಾತು. ಯಾರಾದರೂ ಕೇಳಿಕೊಂಡು ಬಂದರೆ ಇಲ್ಲ ಅನ್ನಬಾರದು."

ಇಷ್ಟು ವರ್ಷ ಬರದವರು ಇನ್ನು ಬರುತ್ತಾರೆಯೇ? ನಗುತ್ತಲೇ ಮಾತು ಕೊಟ್ಟೆ. ಗಂಟನ್ನು ಹೊತ್ತು ಮನೆಯ ಮೆಟ್ಟಿಲು ಹತ್ತುವಾಗ ಅದು ಬಟ್ಟೆಯ ಗಂಟಿಗಿಂತ ತುಸು ಹೆಚ್ಚೇ ಭಾರವಿದೆ ಅನ್ನಿಸಿತು.

ಮರುದಿನ ಮಧ್ಯಾಹ್ನ ಮೊದಲ ಕತ್ತರಿ ಹಾಕಿದ್ದು ಒಂದು ಬೂದು ಪ್ಯಾಂಟಿಗೆ. ತೊಡೆಯ ಭಾಗದಲ್ಲಿ ಅಗಲವಾದ ಬಟ್ಟೆ ಸಿಗುತ್ತದೆಂದು ಅಲ್ಲಿಂದಲೇ ಶುರು ಮಾಡಿದೆ. ಒಳಗೆ ಅಸ್ತರು ಕೊಟ್ಟು, ಜಿಪ್ಪು ಕೂರಿಸಿ, ಒಂದು ಪರ್ಸು ಮುಗಿಸಿ ಹೆಮ್ಮೆಯಿಂದ ಎತ್ತಿ ಹಿಡಿದಾಗ ಬಾಗಿಲ ಗಂಟೆ ಬಡಿಯಿತು.

ಹೊರಗೆ ಸ್ಥೂಲಕಾಯದ ಗೃಹಸ್ಥರೊಬ್ಬರು ನಿಂತಿದ್ದರು.

"ಮಾಸ್ಟರ್ ಅಂಗಡಿ ಮುಚ್ಚಿದೆಯಲ್ಲ. ಪಕ್ಕದ ಕ್ಷೌರದಂಗಡಿಯವರು ನಿಮ್ಮ ಮನೆ ತೋರಿಸಿದರು. ನನ್ನದೊಂದು ಬೂದು ಪ್ಯಾಂಟು ಇತ್ತು."

"ಯಾವಾಗ ಕೊಟ್ಟಿದ್ದು?"

"ನನ್ನ ಮದುವೆಗೆ ಮುಂಚೆ. ಈಗ ಮೊಮ್ಮಗ ಶಾಲೆಗೆ ಹೋಗ್ತಾನೆ."

"ಇವತ್ತು ನೆನಪಾಯಿತೇ?"

ಅವರು ಮುಜುಗರದಿಂದ ತೊಡೆ ಸವರಿಕೊಂಡರು. "ಊಟಕ್ಕೆ ಕೂತಿದ್ದೆ. ಇಲ್ಲಿ ಯಾರೋ ತಣ್ಣಗೆ ಕತ್ತರಿ ಆಡಿಸಿದ ಹಾಗಾಯಿತು. ಮೈಯೆಲ್ಲ ಝುಂ ಅಂದಿತು. ತಕ್ಷಣ ಪ್ಯಾಂಟು ನೆನಪಾಯಿತು."

ನನ್ನ ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಕೊಟ್ಟ ಮಾತು ತಪ್ಪುವಂತಿಲ್ಲ. ಪ್ಯಾಂಟು ಕೇಳಿ ಬಂದವರಿಗೆ ಪರ್ಸು ಕೊಟ್ಟು ಕಳಿಸಿದೆ. ಅವರು ಅದನ್ನು ಹೊಟ್ಟೆಗೆ ಹಿಡಿದು ನೋಡಿ, "ಪ್ಯಾಂಟಾಗಿದ್ದರೂ ಈಗ ಇಷ್ಟೇ ಹಿಡಿಸ್ತಿತ್ತು," ಅಂದು ಹೋದರು.

ಕಾಕತಾಳೀಯ ಎಂದುಕೊಂಡೆ. ಮಾರನೆಯ ದಿನ ಹಸಿರು ಮಖಮಲ್ಲಿನ ಗೌನು ತೆಗೆದುಕೊಂಡೆ. ಕುತ್ತಿಗೆಯ ಅಂಚನ್ನು ಮೊದಲು ಬಿಡಿಸಿದೆ. ಪರ್ಸಿಗೆ ಕೊನೆಯ ಗಂಟು ಹಾಕುವಷ್ಟರಲ್ಲಿ ಗಂಟೆ. ಬಂದವರು ಸಂಗೀತದ ಟೀಚರ್. ಕತ್ತನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದರು.

"ಪಾಠ ಹೇಳ್ತಿದ್ದೆ. ಕತ್ತಿನ ಸುತ್ತ ಏನೋ ಹರಿದಾಡಿತು. ಸ್ವರ ನಿಂತೇಹೋಯಿತು," ಅಂದರು ಪಿಸುಮಾತಿನಲ್ಲಿ. ಪರ್ಸು ಕೈಗಿಟ್ಟ ಕೂಡಲೇ ಸ್ವರ ಮರಳಿ ಬಂತು. ಆ ಸ್ವರದಲ್ಲಿ ಅವರು ಮೊದಲು ಹೇಳಿದ್ದು, "ಜಿಪ್ಪು ಅರ್ಧಕ್ಕೆ ನಿಲ್ಲುತ್ತಲ್ಲ," ಎಂದು.

ಅತ್ತೆ ಒಳಗಿನಿಂದ ಕೇಳಿದರು. "ಎಷ್ಟು ಆಯಿತು?"

"ಎರಡು ಹೊಲಿದೆ."

"ಎಷ್ಟು ಉಳಿಯಿತು?"

"ಒಂದೂ ಇಲ್ಲ."

"ಸರಿ, ಮುಂದುವರಿಸು."

ಮೂರನೆಯದು ಒಂದು ಪುಟ್ಟ ನೀಲಿ ಅಂಗಿ. ಐದಾರು ವರ್ಷದ ಹುಡುಗನದು, ಎದೆಯ ಎರಡೂ ಕಡೆ ಜೇಬು. ಅದಕ್ಕೆ ಕತ್ತರಿ ಹಾಕಲು ಕೈ ಹಿಂಜರಿಯಿತು. ಆದರೆ ನಾದಿನಿ ಬೆಳಿಗ್ಗೆಯಷ್ಟೇ ಫೋನು ಮಾಡಿದ್ದಳು. "ಅತ್ತಿಗೆ, ಮುಗೀತಾ?" ಅಂದಿದ್ದಳು. "ಮುಗೀತಾ ಬಂತು," ಅಂದಿದ್ದೆ. ಹೇಳಿದ ಸುಳ್ಳಿನ ಕಾವು ಆರುವ ಮೊದಲೇ ಕೆಲಸ ಆಗಬೇಕಲ್ಲ. ಜೇಬುಗಳನ್ನು ಮಾತ್ರ ಹಾಗೆಯೇ ಉಳಿಸಿ, ಅವು ಪರ್ಸಿನ ಹೊರಗೆ ಬರುವಂತೆ ಹೊಲಿದೆ.

ಬಂದವರು ತಲೆ ನರೆತ ಒಬ್ಬ ಬಸ್ ಡ್ರೈವರ್. ಖಾಕಿ ಉಡುಪಿನಲ್ಲಿದ್ದರು. ಎದೆ ನೀವಿಕೊಳ್ಳುತ್ತಿದ್ದರು.

"ಬಸ್ಸು ನಿಲ್ಲಿಸಿ ಬಂದೆ," ಅಂದರು. "ಯಾಕೆ ಬಂದೆ ಅಂತ ಮೆಟ್ಟಿಲು ಹತ್ತುವಾಗಲೂ ಗೊತ್ತಿರಲಿಲ್ಲ."

ನಾನು ಪರ್ಸು ಚಾಚಿದೆ. ಅವರು ಅದನ್ನು ನೋಡಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಹಾಗೆಯೇ ಕೂತುಬಿಟ್ಟರು.

"ಅಮ್ಮ ಅಳತೆ ಕೊಡಿಸೋಕೆ ಕರ್ಕೊಂಡು ಹೋಗಿದ್ದಳು. ಎರಡು ಜೇಬು ಬೇಕು ಅಂತ ಹಟ ಮಾಡಿದ್ದೆ. ಮಾಸ್ಟರ್ ಒಂದೇ ಸಾಕು ಅಂದಿದ್ದರು. ಇಬ್ಬರೂ ಸೇರಿ ಒಪ್ಪಿಸಿದ್ವಿ. ಅದೇ ವಾರ ಅಮ್ಮ ಹೋದಳು. ಆಮೇಲೆ ಅಂಗಿ ಯಾರಿಗೂ ನೆನಪಾಗಲಿಲ್ಲ."

ಒಂದು ಜೇಬಿನೊಳಗೆ ತೋರುಬೆರಳು ಇಳಿಸಿದರು. ಆ ದಪ್ಪ ಬೆರಳಿಗೆ ಜೇಬು ತುಂಬಿಹೋಯಿತು. ಎರಡನೆಯದಕ್ಕೂ ಇಳಿಸಿದರು. ಆಮೇಲೆ ಎದ್ದು ಮೆಟ್ಟಿಲಿಳಿದರು. ಕೆಳಗೆ ಬಸ್ಸಿನ ತುಂಬ ಜನ ಕಾಯುತ್ತಿದ್ದರು. ಯಾರೂ ಗೊಣಗಲಿಲ್ಲ. ನನಗೆ ಆ ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಸೂಜಿಯ ಕಣ್ಣು ಕಾಣುತ್ತಿರಲಿಲ್ಲ, ನನ್ನ ಕಣ್ಣು ತುಂಬಿತ್ತು.

ಸಂಜೆ ನಮ್ಮವರಿಗೆ ಎಲ್ಲ ಹೇಳಿದೆ. ಅವರು ವಿಮಾ ಕಚೇರಿಯವರು, ಸಾಕ್ಷಿ ಇಲ್ಲದೆ ಸಾವನ್ನೂ ನಂಬುವವರಲ್ಲ.

"ಎಲ್ಲಿ, ಕೊಡು ಇಲ್ಲಿ," ಎಂದು ಉದ್ದ ತೋಳಿನ ಹಳದಿ ಕುಪ್ಪಸವೊಂದನ್ನು ಕಿತ್ತುಕೊಂಡು, ಅದರ ತೋಳಿನ ತುದಿಯನ್ನು ಚಕ್ ಎಂದು ಕತ್ತರಿಸಿದರು. ಇಬ್ಬರೂ ಬಾಗಿಲು ನೋಡುತ್ತ ಕೂತೆವು. ಗಂಟೆ ಬಡಿಯಿತು. ನಮ್ಮವರ ಮುಖ ಬಿಳಿಚಿತು. ತೆಗೆದರೆ ಪೇಪರ್ ಹಾಕುವವನು, ತಿಂಗಳ ಬಿಲ್ಲಿಗೆ ಬಂದಿದ್ದ.

"ನೋಡಿದೆಯಾ? ಎಲ್ಲಾ ನಿನ್ನ ಭ್ರಮೆ," ಎಂದು ನಮ್ಮವರು ಎದೆ ಸೆಟೆಸಿದರು.

ಪೇಪರಿನವನು ಪಕ್ಕಕ್ಕೆ ಸರಿದ. ಅವನ ಹಿಂದೆ, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡ ಒಬ್ಬ ಮುದುಕಿ ನಿಂತಿದ್ದಳು.

"ನಂದೊಂದು ಹಳದಿ ಕುಪ್ಪಸ ಇತ್ತಪ್ಪ," ಅಂದಳು.

ನಮ್ಮವರು ಎರಡೂ ಕೈಯಿಂದ ಕುಪ್ಪಸವನ್ನು ಅವಳಿಗೊಪ್ಪಿಸಿ, ಕತ್ತರಿಸಿದ ತುಂಡನ್ನೂ ಮೇಲಿಟ್ಟು, ನೆಟ್ಟಗೆ ಹೋಗಿ ಹಾಸಿಗೆಯಲ್ಲಿ ಮುಸುಕು ಹಾಕಿಕೊಂಡರು. ಆಮೇಲೆ ಪರ್ಸಿನ ಬಗ್ಗೆ ಅವರು ಒಂದೇ ಒಂದು ತಮಾಷೆ ಮಾಡಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಏಕೈಕ ಗೆಲುವು ಅದು.

ಆದರೆ ಗೆಲುವಿನಿಂದ ಪರ್ಸು ಆಗುವುದಿಲ್ಲ. ಮದುವೆ ಹತ್ತಿರ ಬಂದಿತ್ತು. ಹೊಲಿದದ್ದೆಲ್ಲ ಹೊಸಿಲು ದಾಟುತ್ತಿತ್ತು. ಗಂಟನ್ನು ಮತ್ತೆ ಕೆದಕಿದಾಗ ಅಡಿಯಲ್ಲಿ ಒಂದು ಕಪ್ಪು ಉಣ್ಣೆಯ ಕೋಟು ಸಿಕ್ಕಿತು. ಮಂಡಿ ದಾಟುವಷ್ಟು ಉದ್ದ. ಇದೊಂದರಲ್ಲೇ ಇಪ್ಪತ್ತು ಪುಟ್ಟ ಪರ್ಸು ಆಗುತ್ತಿದ್ದವು.

ಅತ್ತೆ ಅದನ್ನು ಕಂಡು, "ಇದು ಗಡಿಯಾರ ರಿಪೇರಿಯವರ ಕೋಟು," ಅಂದರು. "ಹೊಲಿಯೋಕೆ ಕೊಟ್ಟು, ಕೋಟು ಸಿಗೋ ಮೊದಲೇ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ."

ನನ್ನ ತಲೆಯಲ್ಲಿ ದೀಪ ಹತ್ತಿತು. ಬರುವವರೇ ಇಲ್ಲದ ಬಟ್ಟೆ! ಕೇಳುವವರಿಲ್ಲ, ಕೊಡುವ ಹಂಗಿಲ್ಲ.

"ಬೇಡ ಕಣೇ," ಅಂದರು ಅತ್ತೆ. "ಅವರು ಒಂದು ಸಲ ಬರ್ತೀನಿ ಅಂದರೆ ತಪ್ಪಿಸೋರಲ್ಲ."

ಕೇಳಿದರೆ ತಾನೇ? ಕತ್ತರಿ ಹಾಕಿದೆ. ಕಿವಿ ನಿಮಿರಿಸಿ ಕೂತೆ. ಗಂಟೆ ಬಡಿಯಲಿಲ್ಲ. ಬೆನ್ನು ಕತ್ತರಿಸಿದೆ, ತೋಳು ಕತ್ತರಿಸಿದೆ. ಮನೆ ನಿಶ್ಶಬ್ದವಾಗಿತ್ತು. ಆ ವಾರವೆಲ್ಲ ಹೊಲಿದೆ. ಬಟ್ಟೆ ಮಾತ್ರ ವಿಚಿತ್ರವಾಗಿ ತಣ್ಣಗಿತ್ತು. ಎಷ್ಟು ಹೊತ್ತು ಮಡಿಲಲ್ಲಿಟ್ಟುಕೊಂಡರೂ ಬೆಚ್ಚಗಾಗುತ್ತಿರಲಿಲ್ಲ. ಸೂಜಿ ಹಿಡಿದ ಬೆರಳು ಮರಗಟ್ಟುತ್ತಿತ್ತು. ನಾನು ಬೆರಳು ಊದಿಕೊಂಡು ಹೊಲಿದೆ, ಹೊಲಿದು ಊದಿಕೊಂಡೆ.

ಕೊನೆಯ ಪರ್ಸು ಮುಗಿದ ಮಧ್ಯಾಹ್ನ, ಹೊರಗೆ ಕಣ್ಣು ಕೋರೈಸುವ ಬಿಸಿಲು. ಮುಂದಿನ ಕೋಣೆಯಲ್ಲಿ ಅತ್ತೆಯ ದನಿ ಕೇಳಿತು.

"ಕೂತ್ಕೊಳ್ಳಿ. ಬರ್ತಾಳೆ. ಈಗ ತಾನೇ ಮುಗಿಸಿದಳು."

ಗಂಟೆ ಬಡಿದಿರಲಿಲ್ಲ. ಹೋಗಿ ನೋಡಿದೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬಿಳಿ ಅಂಗಿ ತೊಟ್ಟ ಬಡಕಲು ವ್ಯಕ್ತಿಯೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಬಿಸಿಲು ಅವರ ಮೇಲೆಯೇ ಬೀಳುತ್ತಿತ್ತು. ನೆಲದ ಮೇಲೆ ಕುರ್ಚಿಯ ನೆರಳು ಮಾತ್ರ ಇತ್ತು.

"ತೊಂದರೆ ಕೊಟ್ಟೆನೇನಮ್ಮ," ಅಂದರು. "ನಮಗೆ ಅಲ್ಲಿ ಏನೂ ತಾಗಲ್ಲ, ಕತ್ತರಿ ಆಡಿದ್ದು ಗೊತ್ತಾಗಲಿಲ್ಲ. ಬೆಳಿಗ್ಗೆ ಮಾಸ್ಟರ್ ಬಂದು ಹೇಳಿದ ಮೇಲೇ ಹೊರಟೆ."

"ಮಾಸ್ಟರ್ ಮಗಳ ಮನೇಲಿದ್ದಾರೆ," ಅಂದೆ.

"ನಿನ್ನೆವರೆಗೆ ಇದ್ದರು."

ಅತ್ತೆ ಕಣ್ಣು ಮುಚ್ಚಿ ಕೈಮುಗಿದರು. ನಾನು ಪರ್ಸುಗಳ ಬುಟ್ಟಿಯನ್ನು ಬಂದವರ ಮುಂದಿಟ್ಟೆ. ಇನ್ನೇನು ಮಾಡಲಿ? ಅವರು ಒಂದೊಂದನ್ನೇ ಬೆಳಕಿಗೆ ಹಿಡಿದು, ಗಡಿಯಾರದ ಚಕ್ರ ನೋಡುವ ಹಾಗೆ ಒಂದು ಕಣ್ಣು ಕಿರಿದು ಮಾಡಿ ಪರೀಕ್ಷಿಸಿದರು.

"ಯಾರು ಹೊಲಿದದ್ದು?"

"ನಾನೇ."

"ಕಾಣ್ತದೆ."

ಕೊನೆಯದರ ಜಿಪ್ಪು ಎಳೆದರು. ಅದು ಒಳಮುಖವಾಗಿ ಕೂತಿತ್ತು. ಅದನ್ನು ಬುಟ್ಟಿಯಲ್ಲೇ ಬಿಟ್ಟರು. "ನಾನು ಸತ್ತಿರಬಹುದಮ್ಮ, ಕಣ್ಣು ಸತ್ತಿಲ್ಲ. ಉಳಿದವನ್ನು ಒಯ್ತೀನಿ. ಮಾಸ್ಟರ್ ಅಲ್ಲಿ ಕೈ ಖಾಲಿ ಕೂತಿದ್ದಾರೆ. ಬಿಚ್ಚಿ ಮತ್ತೆ ಕೋಟು ಮಾಡಿಕೊಡ್ತಾರೆ. ಈಗ ಅವರ ಕಣ್ಣೂ ಸ್ಪಷ್ಟವಾಗಿದೆ."

ನಾನು ಕಣ್ಣು ಮಿಟುಕಿಸಿದೆ ಅಷ್ಟೇ. ಕುರ್ಚಿ ಖಾಲಿ. ಬುಟ್ಟಿಯೂ ಖಾಲಿ, ಆ ಒಂದು ಪರ್ಸು ಬಿಟ್ಟು. ಬಾಗಿಲ ಚಿಲಕ ಒಳಗಿನಿಂದ ಹಾಕಿದಂತೆಯೇ ಇತ್ತು. ಸಂಜೆ ಮಾಸ್ಟರ್ ಮಗಳ ಫೋನು ಬಂತು. ಅಪ್ಪ ಬೆಳಿಗ್ಗೆ ನಿದ್ದೆಯಲ್ಲೇ ಹೋದರು, ಅಂದಳು.

"ಅತ್ತೆ, ಅವರು ಯಾರು ಅಂತ ನಿಮಗೆ ಗೊತ್ತಿತ್ತಲ್ಲ," ಅಂದೆ. "ಹೆದರಿಕೆ ಆಗಲಿಲ್ಲವಾ?"

"ಬಂದವರಿಗೆ ಕೂತ್ಕೊಳ್ಳಿ ಅನ್ನೋದು ಬೇಡವಾ?"

ಮದುವೆಯಲ್ಲಿ ಹೆಂಗಸರಿಗೆಲ್ಲ ಪ್ಲಾಸ್ಟಿಕ್ ಡಬ್ಬಿ ಹಂಚಿದರು. ಎಲ್ಲರೂ ಮುಚ್ಚಳ ಸಲೀಸಾಗಿ ತೆಗೆದು ಹಾಕಿ ನೋಡಿ ಮೆಚ್ಚಿಕೊಂಡರು. ನಾದಿನಿ ನನ್ನ ಕಡೆ ನೋಡಿದಾಗಲೆಲ್ಲ ನಾನು ಪಂಖದ ಕಡೆ ನೋಡಿದೆ. ಉಳಿದ ಬಟ್ಟೆಯನ್ನು ಧೂಳು ಕೊಡವಿ ಹಜಾರದಲ್ಲೇ ನೇತುಹಾಕಿದ್ದೇನೆ. ಬರುವವರು ಬರಲಿ.

ಮದುವೆಯಿಂದ ಬಂದ ಮರುದಿನ ಅತ್ತೆ ತಮ್ಮ ಬೀರುವಿನ ಬಟ್ಟೆಯನ್ನೆಲ್ಲ ಹೊರಗೆಳೆದು, ಪಕ್ಕದ ಮನೆಯವರಿಗೆ ಗಂಟು ಕಟ್ಟುತ್ತಿದ್ದರು. ನಾನು ಹೋಗಿ ಗಂಟಿನ ಮೇಲೆ ಕೈಯಿಟ್ಟೆ.

"ಯಾಕತ್ತೆ, ಹೀಗೆಲ್ಲ ಈಗಲೇ? ನಿಮ್ಮ ನೆನಪಿಗೆ ಅಂತ ನಾನು ಇಟ್ಟುಕೊಳ್ಳಲ್ಲವೇ?"

ಅತ್ತೆ ಗಂಟನ್ನು ಇನ್ನೊಮ್ಮೆ ಬಿಗಿದರು.

"ನೀನು ಇಟ್ಟುಕೊಳ್ಳಲ್ಲ, ಹೊಲೀತೀಯ. ಆಗ ಅದನ್ನ ಬಿಚ್ಚಿಸೋಕೆ ನಾನು ಅಷ್ಟು ದೂರದಿಂದ ಎದ್ದು ಬರಬೇಕು. ಸತ್ತ ಮೇಲಾದರೂ ನನಗೆ ಸ್ವಲ್ಪ ವಿಶ್ರಾಂತಿ ಬೇಡವೇನೇ?"