ತಟ್ಟೆಯ ಕೆಳಗಿನ ಪೆನ್ನಿ

ಎಲ್ಲಕ್ಕೂ ಕಾರಣ ಒಂದು ಈರುಳ್ಳಿ. ಅದು ತರಕಾರಿಯವನ ತಕ್ಕಡಿಯಿಂದ ಜಾರಿ, ಗೋಣಿಚೀಲಗಳ ಸಂದಿಗೆ ಉರುಳಿ ಹೋಗದಿದ್ದರೆ ಭೂತಗನ್ನಡಿಯವರು ಅವತ್ತು ಎರಡು ಕಿಲೋ ತೂಗಿಸಿಕೊಂಡು, ಸೈಕಲ್ ಹತ್ತಿ ಮನೆಗೆ ಹೋಗಿ, ಊಟ ಮಾಡಿ, ವಾರದ ನಡುವೆ ಸಿಕ್ಕ ರಜೆಯ ನಿದ್ದೆ ಹೊಡೆಯುತ್ತಿದ್ದರು.

ಭೂತಗನ್ನಡಿ ಎಂಬುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತಾರು ವರ್ಷಗಳಿಂದ ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಕಚೇರಿಯಲ್ಲಿ ಅದು ಕಾಗುಣಿತಕ್ಕೆ, ಉಳಿದ ಹೊತ್ತಿನಲ್ಲಿ ಹಳೆಯ ಬ್ರಿಟಿಷ್ ನಾಣ್ಯಗಳಿಗೆ. ವಿಕ್ಟೋರಿಯಾ ರಾಣಿ ತುರುಬು ಕಟ್ಟಿದ್ದರೆ ಎಳೆಯ ವಯಸ್ಸು, ತಲೆಯ ಮೇಲೆ ಪುಟ್ಟ ಕಿರೀಟ ಕೂತಿದ್ದರೆ ಅರವತ್ತು ದಾಟಿದ ವಯಸ್ಸು, ಮುಸುಕು ಹೊದ್ದಿದ್ದರೆ ಮುಪ್ಪು ಎಂದು ಒಂದೇ ನೋಟಕ್ಕೆ ಹೇಳುತ್ತಿದ್ದರು.

"ಆ ರಾಣಿಗೆ ಯಾವ ವರ್ಷ ವಯಸ್ಸಾಯ್ತು ಅಂತ ಗೊತ್ತು. ನನಗೆ ವಯಸ್ಸಾಗಿರೋದು ಮಾತ್ರ ಇವರಿಗೆ ಇನ್ನೂ ಗೊತ್ತಾಗಿಲ್ಲ," ಎಂದು ಅವರ ಹೆಂಡತಿ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದರು.

ಕಪಾಟಿನ ತುಂಬ ಪೆನ್ನಿ, ಅರ್ಧ ಪೆನ್ನಿ, ಶಿಲ್ಲಿಂಗುಗಳಿದ್ದರೂ ಭೂತಗನ್ನಡಿಯವರಿಗೆ ಒಂದೇ ಕೊರಗು. ಸಾವಿರದ ಒಂಬೈನೂರ ಮೂವತ್ತಮೂರರ ಪೆನ್ನಿ. ಚಲಾವಣೆಯಲ್ಲಿ ಬೇಕಾದಷ್ಟು ಪೆನ್ನಿಗಳಿದ್ದವೆಂದು ಆ ವರ್ಷ ಟಂಕಸಾಲೆಯವರು ಬೆರಳೆಣಿಕೆಯಷ್ಟನ್ನು ಮಾತ್ರ ಅಚ್ಚು ಹಾಕಿದ್ದರು. ಸಿಗುವುದಿಲ್ಲ ಎಂದು ಪುಸ್ತಕಗಳೆಲ್ಲ ಹೇಳಿದ್ದವು. ಸಿಕ್ಕೇ ಸಿಗುತ್ತದೆ ಎಂದು ಭೂತಗನ್ನಡಿಯವರು ಹೇಳುತ್ತಿದ್ದರು.

ಬಿದ್ದ ಈರುಳ್ಳಿಗಾಗಿ ಬಗ್ಗಿದವರು ತಲೆ ಎತ್ತಿದಾಗ, ಕೊಕ್ಕೆಗೆ ತೂಗುಹಾಕಿದ್ದ ತಕ್ಕಡಿಯ ತಟ್ಟೆಯ ಅಡಿ ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಸಾಮಾನು ಹಾಕುವ ತಟ್ಟೆಯ ಅಡಿಯಲ್ಲಿ ಮೇಣ ಹಚ್ಚಿ ಅಂಟಿಸಿದ ಕಂಚಿನ ಒಂದು ಬಿಲ್ಲೆ. ಅವರ ಕೈ ತಾನಾಗಿಯೇ ಜೇಬಿಗೆ ಹೋಯಿತು. ಗುರಾಣಿ, ತ್ರಿಶೂಲ ಹಿಡಿದು ಕೂತ ಬ್ರಿಟಾನಿಯಾ. ಅವಳ ಕಾಲ ಕೆಳಗೆ ಇಸವಿ: ಒಂದು, ಒಂಬತ್ತು, ಮೂರು... ಕೊನೆಯ ಅಂಕಿಯ ಎಡಭಾಗವನ್ನು ಮೇಣ ನುಂಗಿತ್ತು. ಬಲಭಾಗದಲ್ಲಿ ಎರಡು ಡೊಂಕುಗಳು. ಮೂರೂ ಇರಬಹುದು, ಎಂಟೂ ಇರಬಹುದು.

ಎಂಟಾದರೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಮೂರಾದರೆ! ಭೂತಗನ್ನಡಿಯವರ ಎದೆ ಮುದ್ರಣಯಂತ್ರದ ಹಾಗೆ ಹೊಡೆದುಕೊಳ್ಳತೊಡಗಿತು.

ಅಂಗಡಿಯವನ ಎದೆಯೂ ಹೊಡೆದುಕೊಳ್ಳುತ್ತಿತ್ತು, ಬೇರೆ ಕಾರಣಕ್ಕೆ. ತನ್ನ ತಕ್ಕಡಿಯ ಕೆಳಗೆ ಕೂತು ಗಾಜು ಹಿಡಿದು ನೋಡುವ ಗಿರಾಕಿಯನ್ನು ಅವನು ಇದೇ ಮೊದಲ ಸಲ ಕಂಡದ್ದು.

"ಸಾರ್, ಮೇಲೇಳಿ ಸಾರ್. ಮೊದಲೇ ಹೇಳಬಾರದಾ, ತಾವು ಇನ್‌ಸ್ಪೆಕ್ಟರ್ ಅಂತ?" ಎನ್ನುತ್ತ ಚೀಲಕ್ಕೆ ಇನ್ನೂ ಒಂದು ಕಿಲೋ ಈರುಳ್ಳಿ ಸುರಿದ.

"ನನಗೆ ಈರುಳ್ಳಿ ಬೇಡಪ್ಪ. ತಟ್ಟೆ ಕೆಳಗಿರೋದು ಬೇಕು."

"ತಟ್ಟೆ ಕೆಳಗೆ ಏನಿದೆ ಸಾರ್? ನೆಲ ಇದೆ." ಅವನು ಎರಡು ಎಲೆಕೋಸನ್ನೂ ತುರುಕಿದ.

"ಎಲೆಕೋಸೂ ಬೇಡ. ಅದನ್ನ ಕೊಡೋವರೆಗೆ ನಾನು ಇಲ್ಲಿಂದ ಕದಲಲ್ಲ."

ಹೇಳಿದ್ದಷ್ಟೇ ಅಲ್ಲ, ಆಲೂಗಡ್ಡೆಯ ಮೂಟೆಯ ಮೇಲೆ ಕೂತೇಬಿಟ್ಟರು.

ಆಗ ಪಕ್ಕದ ಮನೆಯ ಕಂಡಕ್ಟರ್ ಬಂದರು. ಬಸ್ಸಿನಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರ ಗಂಟಲು ಇನ್ನೂ ಡ್ಯೂಟಿಯಲ್ಲೇ ಇತ್ತು.

"ಏನ್ರೀ ಗಲಾಟೆ? ಎಲ್ಲಾ ಸ್ವಲ್ಪ ಒಳಗೆ ಬನ್ನಿ, ಬಾಗಿಲಲ್ಲಿ ನಿಲ್ಲಬೇಡಿ!"

ಗಲಾಟೆಯೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಅವರು ಕೂಗಿದ ಮೇಲೆ ಎರಡು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ತಟ್ಟೆಯ ಕೆಳಗೆ ಏನೋ ಇದೆಯಂತೆ ಎಂಬ ಸುದ್ದಿ ಹಬ್ಬಿತು. ಬಟ್ಟೆ ಹೊಲಿಯುವಾಕೆಗೆ ಹೋದ ವಾರದ ಬದನೆಕಾಯಿಯ ಮೇಲೆ ಅನುಮಾನ ಬಂತು. ಅಂಗಡಿಯವನ ಮುಖ ಅವನದೇ ಬುಟ್ಟಿಯ ಬಾಡಿದ ಮೂಲಂಗಿಯಂತಾಯಿತು. ಈಗ ಬಿಲ್ಲೆಯನ್ನು ಕಿತ್ತು ಕೊಟ್ಟರೆ ಮೋಸ ಒಪ್ಪಿಕೊಂಡ ಹಾಗೆ. ಕೊಡದಿದ್ದರೆ ಈ ಮನುಷ್ಯ ಮೂಟೆ ಬಿಟ್ಟು ಏಳುವುದಿಲ್ಲ.

ಭೂತಗನ್ನಡಿಯವರಿಗೂ ಇಕ್ಕಟ್ಟು. ಅದು ಎಂಥ ನಾಣ್ಯ ಎಂದು ಬಾಯಿಬಿಟ್ಟರೆ ಇಪ್ಪತ್ತು ಜನರೂ ತಟ್ಟೆಗೆ ಕೈ ಹಾಕುತ್ತಾರೆ.

"ಹಂಗಾದ್ರೆ ತಕ್ಕಡೀನೇ ಕೊಟ್ಟುಬಿಡು," ಎಂದರು ಗಟ್ಟಿಯಾಗಿ. "ನನಗೆ ಈ ತಕ್ಕಡಿ ಇಷ್ಟ ಆಗಿದೆ."

"ತಕ್ಕಡಿ ಕೊಟ್ಟು ನಾನು ಕೈಯಲ್ಲಿ ತೂಗ್ಲಾ ಸಾರ್?" ಅಂಗಡಿಯವನ ಕಣ್ಣು ಮೆಲ್ಲಗೆ ಅತ್ತಿತ್ತ ಆಡಿ, ಕಂಬಕ್ಕೆ ಒರಗಿಸಿದ್ದ ಸೈಕಲ್ಲಿನ ಮೇಲೆ ನಿಂತಿತು. "ಆ ಸೈಕಲ್ ಕೊಡೋದಾದ್ರೆ ಯೋಚನೆ ಮಾಡ್ತೀನಿ."

ಹನ್ನೊಂದು ವರ್ಷ ಎಣ್ಣೆ ಹಾಕಿ ಸಾಕಿದ ಸೈಕಲ್. ಭೂತಗನ್ನಡಿಯವರು ಅದರ ಕಡೆ ಒಂದು ಸಲ ನೋಡಿದರು, ತಟ್ಟೆಯ ಕಡೆ ಒಂದು ಸಲ ನೋಡಿದರು.

"ತಗೋ," ಎಂದರು.

"ಬಾಯಿಮಾತಲ್ಲಿ ಆಗಲ್ಲ," ಕಂಡಕ್ಟರ್ ಅಡ್ಡ ಬಂದರು. "ಕಾಗದ ಆಗಬೇಕು. ನಾನೇ ಬರೀತೀನಿ, ನಾನೇ ಸಾಕ್ಷಿ."

ಅವರು ಬರೆದರು. ಅಂಗಡಿಯವನು ಅವರ ಕಿವಿಯ ಹತ್ತಿರ ಬಗ್ಗಿ ಒಂದೆರಡು ಮಾತು ಸೇರಿಸಿದ. ಹೀಗೆ ತಯಾರಾಯಿತು: "ಈ ತಕಡಿ, ಅದರ ತಟ್ಟೆಗಳು, ತಟ್ಟೆಯ ಮೇಲೆ ಹಾಗೂ ಕೆಳಗೆ ಇರುವುದೆಲ್ಲವೂ ಮೋದಲಿನಿಂದಲೂ ನನ್ನವೇ ಅಂಗಡಿಯವರು ತಿಳಿಯದೆ ಬಳಸುತ್ತಿದ್ದರು."

ಭೂತಗನ್ನಡಿಯವರು ಗಾಜು ಹಿಡಿದು ಓದಿದರು. ಇಪ್ಪತ್ತಾರು ವರ್ಷದ ಅಭ್ಯಾಸ. 'ತಕಡಿ' ಎಂದಿದ್ದಲ್ಲಿ ಒತ್ತು ಕೊಟ್ಟರು, 'ಮೋದಲಿನಿಂದ' ಎಂಬುದರ ದೀರ್ಘ ತೆಗೆದರು, ಒಂದು ಪೂರ್ಣವಿರಾಮ ಹಾಕಿದರು. ಅಕ್ಷರಗಳೆಲ್ಲ ಸರಿಯಾದ ಮೇಲೆ ಅರ್ಥದ ಗೊಡವೆಗೆ ಹೋಗದೆ ಸಹಿ ಮಾಡಿದರು.

ತಕ್ಕಡಿಯನ್ನು ಹೆಗಲಿಗೇರಿಸಿ ನೂರು ಹೆಜ್ಜೆ ನಡೆದಿರಲಿಲ್ಲ, ಎದುರಿಗೆ ಒಬ್ಬರು ನಿಂತರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಕಿವಿಯ ಮೇಲೆ ಪೆನ್ನು.

"ತೂಕ ಮತ್ತು ಅಳತೆ ಇಲಾಖೆ. ಯಾರದ್ರೀ ಈ ತಕ್ಕಡಿ?"

ಹಿಂದೆಯೇ ಬಂದಿದ್ದ ಇಪ್ಪತ್ತು ಜನರೂ ಒಂದೇ ಉಸಿರಿಗೆ, "ಇವರದೇ!" ಎಂದರು. ಕಂಡಕ್ಟರ್ ಕಾಗದವನ್ನು ಕಿತ್ತುಕೊಂಡು ಎತ್ತಿ ತೋರಿಸಿದರು. "ಮೊದಲಿನಿಂದಲೂ! ನಾನೇ ಸಾಕ್ಷಿ!"

ಇನ್‌ಸ್ಪೆಕ್ಟರ್ ತಟ್ಟೆ ಮಗುಚಿ ನೋಡಿದರು. ಬಹಳ ಹೊತ್ತು ನೋಡಿದರು. "ಮೋಸದ ತಕ್ಕಡಿ. ಇದು ನಿಮ್ಮದಲ್ಲ ಅನ್ನೋದಾದ್ರೆ ಈಗಲೇ ಹೇಳಿ, ಮನೆಗೆ ಹೋಗಬಹುದು. ಈ ಬಿಲ್ಲೆ ಅಂಗಡಿಯವನದು ಅಂತ ಬರ್ಕೊಳ್ತೀನಿ."

ನಮ್ಮದಲ್ಲ ಎಂದರೆ ಬಚಾವ್. ಆದರೆ ಪೆನ್ನಿಯೂ ತಮ್ಮದಲ್ಲ. ಭೂತಗನ್ನಡಿಯವರು ಎದೆ ಸೆಟೆಸಿದರು.

"ನನ್ನದೇ ಸ್ವಾಮಿ. ತಕ್ಕಡೀನೂ ನನ್ನದೇ, ಕೆಳಗಿರೋದೂ ನನ್ನದೇ. ಏನು ಬೇಕಾದ್ರೂ ಮಾಡ್ಕೊಳ್ಳಿ."

"ಹಾಗಾದ್ರೆ ಇದನ್ನ ಪುರಾವೆಗೆ ತಗೊಂಡು ಹೋಗಬೇಕಾಗತ್ತೆ. ತಕ್ಕಡಿ ನೀವೇ ಇಟ್ಕೊಳ್ಳಿ."

ಅವರು ಬಿಲ್ಲೆಗೆ ಒಂದಿಷ್ಟೂ ಗೀರು ಬೀಳದಂತೆ ಉಗುರಿನಿಂದ ಮೇಣವನ್ನು ಬಿಡಿಸಿದರು. ಬಿಲ್ಲೆಯ ಮುಖ ಮುಟ್ಟದೆ ಅಂಚಿನಲ್ಲಿ ಎರಡೇ ಬೆರಳಿಂದ ಹಿಡಿದು, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡರು. ರಸೀದಿ ಬರೆದು ಕೊಟ್ಟು, "ಕಚೇರಿಗೆ ಬಂದು ಬಿಡಿಸ್ಕೊಳ್ಳಿ," ಎಂದು ಹೊರಟೇ ಹೋದರು.

ಭೂತಗನ್ನಡಿಯವರು ರಸೀದಿಯ ಮೇಲೆ ಗಾಜು ಇಟ್ಟರು. "ಪೆನ್ನಿ ಒಂದು. ಕಂಚು. ಇಸವಿ 1933. ಸ್ಥಿತಿ: ಅತ್ಯುತ್ತಮ."

ಮೂರು! ಬೀದಿಯ ನಡುವೆಯೇ ಅವರು ತಕ್ಕಡಿ ಹೊತ್ತು ಒಂದು ಸುತ್ತು ಕುಣಿದರು. ತಟ್ಟೆಗಳೂ ಸುತ್ತ ಕುಣಿದು ಕಂಡಕ್ಟರರ ಹಣೆಗೆ ಒಂದೇಟು ಕೊಟ್ಟವು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ತಡೆದರು. "ರೀ, ಈರುಳ್ಳಿ ಎಲ್ಲಿ?"

"ಮರೆತೆ."

"ಸೈಕಲ್?"

"ಕೊಟ್ಟೆ."

"ಇದೇನು ಹೆಗಲ ಮೇಲೆ?"

"ಕಚೇರಿ ಐದಕ್ಕೆ ಮುಚ್ಚತ್ತೆ ಕಣೇ, ಬಂದು ಹೇಳ್ತೀನಿ!"

ಬಿಸಿಲಲ್ಲಿ ನಾಲ್ಕು ಮೈಲಿ ನಡಿಗೆ. ಚಪ್ಪಲಿಯ ಉಂಗುಟ ಕಿತ್ತಿತು. ಒಂದು ನಾಯಿ ತಕ್ಕಡಿಯ ಸದ್ದಿಗೆ ರೇಗಿ ಅರ್ಧ ಮೈಲಿ ಅಟ್ಟಿಸಿಕೊಂಡು ಬಂತು. ಹಣೆಗೆ ಪಟ್ಟಿ ಕಟ್ಟಿಕೊಂಡ ಕಂಡಕ್ಟರ್, "ಸಾಕ್ಷಿ ಇಲ್ಲದೆ ನಿಮ್ಮ ಕೆಲಸ ಆಗಲ್ಲ," ಎಂದು ಬೇಡವೆಂದರೂ ಜೊತೆಗೆ ಬಂದರು. ಭೂತಗನ್ನಡಿಯವರು ಎಲ್ಲೂ ನಿಲ್ಲಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿಯ ಮೇಜಿನ ಮೇಲೆ ತಕ್ಕಡಿಯನ್ನೂ ಕಾಗದವನ್ನೂ ರಸೀದಿಯನ್ನೂ ಇಟ್ಟು, "ನನ್ನ ಪೆನ್ನಿ ಕೊಡಿ," ಎಂದರು.

ಅಲ್ಲಿಯ ಅಧಿಕಾರಿ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಇಸ್ತ್ರಿ ಅಂಗಿ, ಚರ್ಮದ ಚೀಲ, ಕಿವಿ ಮೇಲೆ ಪೆನ್ನು?"

"ಹೌದು, ಅವರೇ! ನಿಮ್ಮ ಇನ್‌ಸ್ಪೆಕ್ಟರ್."

"ನಮ್ಮಲ್ಲಿ ಅಂಥವರು ಯಾರೂ ಇಲ್ಲ. ಅವನು ಹಳೇ ನಾಣ್ಯ ಸಂಗ್ರಹ ಮಾಡೋನು. ಸಂತೆ ಸಂತೆ ಸುತ್ತಿ ತಕ್ಕಡಿಗಳ ಕೆಳಗೆ ಹುಡುಕ್ತಾನೆ. ಈ ತಿಂಗಳಲ್ಲಿ ಹಿಂಗೆ ರಸೀದಿ ಹಿಡ್ಕೊಂಡು ಬಂದವರಲ್ಲಿ ನೀವು ಮೂರನೆಯವರು."

ಭೂತಗನ್ನಡಿಯವರು ಕುರ್ಚಿಯ ಬೆನ್ನು ಹಿಡಿದು ನಿಂತರು.

ಅಧಿಕಾರಿ ಅಷ್ಟರಲ್ಲಿ ಇನ್ನೊಂದು ಕಾಗದ ಎತ್ತಿಕೊಂಡಿದ್ದರು. ತಟ್ಟೆಯ ಅಡಿಯಲ್ಲಿ ಉಳಿದಿದ್ದ ಮೇಣದ ಗುಂಡನೆಯ ಗುರುತನ್ನು ಬೆರಳಿನಿಂದ ಸವರಿದರು.

"ಈ ಮೋಸದ ತಕ್ಕಡಿ ಮೊದಲಿನಿಂದಲೂ ನಿಮ್ಮದೇ ಅಂತ ಬರೆದಿದೆ. ಸಹಿ ನಿಮ್ಮದೇ ತಾನೆ?"

"ಅವರದೇ ಸಾರ್!" ಕಂಡಕ್ಟರ್ ಮುಂದೆ ಬಂದರು. "ತಪ್ಪುಗಳನ್ನೂ ಅವರೇ ತಿದ್ದಿದ್ದಾರೆ. ನಾನೇ ಸಾಕ್ಷಿ!"

ಅಧಿಕಾರಿ ಎದ್ದು ಗೌರವದಿಂದ ಕುರ್ಚಿ ಎಳೆದು ಕೊಟ್ಟರು.

"ಕೂತ್ಕೊಳ್ಳಿ. ಇಪ್ಪತ್ತು ವರ್ಷದ ಸರ್ವಿಸ್‌ನಲ್ಲಿ ಕಳ್ಳ ತಕ್ಕಡಿ ಹೊತ್ಕೊಂಡು, ತಪ್ಪೊಪ್ಪಿಗೆ ಬರ್ಕೊಂಡು, ಸಾಕ್ಷೀನೂ ಕರ್ಕೊಂಡು ನಡ್ಕೊಂಡು ಬಂದವರು ನೀವೊಬ್ಬರೇ."